ನೀಲಿಯಲ್ಲದ ನೀಲ್

'ನೀಲ್ ದ್ವೀಪ' ಎಂದರೆ ನೀಲಿ ದ್ವೀಪ ಎಂದೇ ನಾನು ತಿಳಿದಿದ್ದೆ. ನಾನೊಬ್ಬಳೇ ಅಲ್ಲ, ನಮ್ಮ ಮಹಿಳಾ ವೇದಿಕೆಯಿಂದ ಹೋದ ಐದೂ ಜನ ಹಾಗೇ ತಿಳಿದಿದ್ದೆವು. ಕಳೆದ ಜನವರಿಯಲ್ಲಿ ಚೆನ್ನೈಯಿಂದ ವಿಮಾನದಲ್ಲಿ ಪೋರ್ಟ್ ಬ್ಲೇರಿಗೆ, ಅಂದರೆ ಈಗಿನ ಶ್ರೀ ವಿಜಯಪುರಕ್ಕೆ ಹೋಗಿ, ಅಲ್ಲಿಂದ ದೋಣಿ ಹಿಡಿದು ಆ ಪುಟ್ಟ ದ್ವೀಪದ ಜೆಟ್ಟಿಯಲ್ಲಿ ಇಳಿದಾಗ ಕಣ್ಣಿಗೆ ಬಿದ್ದದ್ದೂ ನೀಲಿಯೇ. ದಡದ ಹತ್ತಿರ ತಿಳಿ ಹಸಿರು, ಸ್ವಲ್ಪ ಆಚೆ ಪಚ್ಚೆ, ಇನ್ನೂ ಆಚೆ ಕಡುನೀಲಿ. "ಎಷ್ಟು ಸರಿಯಾಗಿ ಹೆಸರಿಟ್ಟಿದ್ದಾರಲ್ಲೇ!" ಎಂದು ನಮ್ಮಲ್ಲೊಬ್ಬಳು ಫೋಟೋ ತೆಗೆಯುತ್ತಾ ಹೇಳಿದಳು. ಎಲ್ಲರೂ ತಲೆಯಾಡಿಸಿದೆವು.

ನಾವು ಉಳಿದುಕೊಂಡದ್ದು ಎಂಟೇ ಕಾಟೇಜುಗಳ ಒಂದು ಬುಟಿಕ್ ರೆಸಾರ್ಟಿನಲ್ಲಿ. 'ಬುಟಿಕ್' ಎನ್ನುವುದು ಅವರೇ ಹಾಕಿಕೊಂಡ ಮಾತು. ಮರದ ಹಲಗೆಯ ನೆಲ, ಮುಂದೆ ಜಗಲಿ, ಜಗಲಿಯಿಂದ ಇಳಿದರೆ ಅಡಿಕೆ ತೋಟ, ತೋಟ ದಾಟಿದರೆ ಕಡಲು. ಟಿವಿ ಇಲ್ಲ. ಫೋನಿನ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮೊದಲ ದಿನ ಇದಕ್ಕಾಗಿ ಚಡಪಡಿಸಿದವರೇ ಮೂರನೆಯ ದಿನ ಫೋನನ್ನು ಕೋಣೆಯಲ್ಲೇ ಮರೆತು ತಿರುಗುತ್ತಿದ್ದರು. ಊಟಕ್ಕೆ ಅನ್ನ, ತೊವ್ವೆ, ಬದನೆಕಾಯಿ ಬಾಜಾ, ಸೋರೆಕಾಯಿ ಪಲ್ಯ, ತಿನ್ನುವವರಿಗೆ ಮೀನು. ನಾವು ಒಯ್ದಿದ್ದ ಸಾರಿನ ಪುಡಿಯಿಂದ ಒಂದು ದಿನ ಅವರ ಅಡುಗೆಮನೆಯಲ್ಲಿ ಸಾರು ಮಾಡಿದ್ದೂ ಆಯಿತು.

ಕೋಣೆಯಲ್ಲಿ ಇಟ್ಟಿದ್ದ ಕರಪತ್ರದಲ್ಲಿ 'ಯಾರ ಹೆಜ್ಜೆಯೂ ಸೋಕದ ದ್ವೀಪ' ಎಂದು ಬರೆದಿತ್ತು. ಈ ಸಾಲು ಓದಿದಾಗ ನಾನು ಏನನ್ನೂ ಯೋಚಿಸಲಿಲ್ಲ. ಇಂಥ ಸಾಲುಗಳನ್ನು ಎಲ್ಲ ಕಡೆಯೂ ಬರೆದಿರುತ್ತಾರೆ.

ಎರಡನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಕೂತು ದ್ವೀಪದ ನಕ್ಷೆ ಬಿಡಿಸಿದೆ. ನೀಲ್ ಇರುವುದು ರಿಚೀ ದ್ವೀಪಸಮೂಹದಲ್ಲಿ. ರಿಚೀ ಎಂದರೆ 18ನೇ ಶತಮಾನದಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ಕಡಲನ್ನು ಅಳೆದ ಜಾನ್ ರಿಚೀ. ಅಕ್ಕಪಕ್ಕದ ಹಳೆಯ ಹೆಸರುಗಳನ್ನು ನೋಡಿ: ಹ್ಯಾವ್‌ಲಾಕ್, ಔಟ್ರಾಮ್, ಹೆನ್ರಿ ಲಾರೆನ್ಸ್, ಜಾನ್ ಲಾರೆನ್ಸ್, ನಿಕಲ್ಸನ್, ವಿಲ್ಸನ್. ಶಾಲೆಯಲ್ಲಿ ಇತಿಹಾಸ ಕಲಿಸಿದ ನನಗೆ ಇಲ್ಲಿ ತಟ್ಟನೆ ಹೊಳೆಯಬೇಕಿತ್ತು, ತಡವಾಗಿ ಹೊಳೆಯಿತು. ಇದು 1857ರ ದಂಗೆಯನ್ನು ಅಡಗಿಸಿದ ಬ್ರಿಟಿಷರ ಹಾಜರಿ ಪುಸ್ತಕ! ಹಾಗಾದರೆ 'ನೀಲ್' ಬಣ್ಣವಲ್ಲ. ಅದು ಒಬ್ಬ ಮನುಷ್ಯ. ಕರ್ನಲ್ ಜೇಮ್ಸ್ ನೀಲ್.

ಈತ ನಮ್ಮ ಮದರಾಸಿನವನೇ ಎನ್ನಬೇಕು, ಏಕೆಂದರೆ ಮದ್ರಾಸ್ ಫ್ಯುಸಿಲಿಯರ್ಸ್ ಎಂಬ ಪಡೆಯ ಮುಖ್ಯಸ್ಥ. 1857ರ ಜೂನ್‌ನಲ್ಲಿ ತನ್ನ ಪಡೆಯೊಂದಿಗೆ ಬನಾರಸಿಗೆ ಬಂದ, ಅಲ್ಲಿಂದ ಅಲಹಾಬಾದಿಗೆ ಹೋದ. ಆ ದಾರಿಯಲ್ಲಿ ನಡೆದದ್ದನ್ನು ಬ್ರಿಟಿಷ್ ಇತಿಹಾಸಕಾರರೇ ಮುಜುಗರದಿಂದ ಬರೆದಿದ್ದಾರೆ. ಹಳ್ಳಿಗಳಿಗೆ ಬೆಂಕಿ ಇಟ್ಟರು. ದಂಗೆಗೂ ತಮಗೂ ಸಂಬಂಧವೇ ಇಲ್ಲದ ಜನರನ್ನೂ ರಸ್ತೆ ಬದಿಯ ಮರಗಳಿಗೆ ನೇಣು ಹಾಕಿದರು. ಕಾನ್ಪುರದ ಬೀಬೀಘರ್‌ನಲ್ಲಿ ಇಂಗ್ಲಿಷ್ ಹೆಂಗಸರು, ಮಕ್ಕಳ ಭೀಕರ ಕೊಲೆಯಾದ ಮೇಲೆ ಅಲ್ಲಿಗೆ ಬಂದ ನೀಲ್, ಸೆರೆಯಾದವರಿಂದ ನೆಲದ ರಕ್ತವನ್ನು ಒರೆಸಿಸಿ, ನೆಕ್ಕಿಸಿ, ಆಮೇಲೆ ಗಲ್ಲಿಗೇರಿಸಿದ. ಬೀಬೀಘರ್‌ನಲ್ಲಿ ನಡೆದದ್ದು ಘೋರವೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಬನಾರಸ್, ಅಲಹಾಬಾದಿನ ಹತ್ಯೆಗಳು ಅದಕ್ಕಿಂತ ಮೊದಲೇ ನಡೆದಿದ್ದವು. 'ಸೇಡು' ಎಂಬ ವಿವರಣೆ ಅಲ್ಲಿಗೆ ಹೊಂದುವುದಿಲ್ಲ. 1857ರ ಸೆಪ್ಟೆಂಬರ್ 25ರಂದು ಲಖನೌನ ಬೀದಿಯಲ್ಲಿ ಗುಂಡೇಟಿಗೆ ನೀಲ್ ಸತ್ತ. ಅಂದು ಆ ಸೇನೆಯನ್ನು ನಡೆಸುತ್ತಿದ್ದ ಹ್ಯಾವ್‌ಲಾಕ್ ನವೆಂಬರ್‌ನಲ್ಲಿ ಕಾಯಿಲೆಯಿಂದ ತೀರಿಕೊಂಡ. ನಕ್ಷೆಯಲ್ಲಿ ಇಬ್ಬರೂ ನೆರೆಹೊರೆಯ ದ್ವೀಪಗಳಾದರು.

1858ರ ಮಾರ್ಚ್ 10ರಂದು 200 ಕೈದಿಗಳ ಮೊದಲ ತಂಡ ಪೋರ್ಟ್ ಬ್ಲೇರಿಗೆ ಬಂತು. ದಂಗೆಯೆದ್ದವರನ್ನು ಕಡಲಾಚೆಗೆ ಎಸೆಯಲೆಂದೇ ಈ ಸೆರೆನೆಲೆ ಹುಟ್ಟಿಕೊಂಡದ್ದು. ಊರು ಕಳೆದುಕೊಂಡು, ಕಾಲಿಗೆ ಸಂಕೋಲೆ ಹಾಕಿಸಿಕೊಂಡು ಕಾಡು ಕಡಿಯುತ್ತಿದ್ದವರ ಸುತ್ತಲಿನ ದ್ವೀಪಗಳಿಗೆ, ಅವರ ಬಂಧುಬಳಗವನ್ನು ಕೊಂದವರ ಹೆಸರು!

ಇನ್ನು ಈ ಕಥೆ ನಮ್ಮ ಚೆನ್ನೈಗೆ ಬರುತ್ತದೆ. ಮೌಂಟ್ ರೋಡಿನ ಸ್ಪೆನ್ಸರ್ಸ್ ಬಳಿ ನೀಲ್‌ನ ದೊಡ್ಡದೊಂದು ಪ್ರತಿಮೆ ಇತ್ತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 1860ರ ದಶಕದ ಆರಂಭದಿಂದ ಅದು ಅಲ್ಲಿ ನಿಂತಿತ್ತು. 1927ರಲ್ಲಿ ಅದನ್ನು ತೆಗೆಯಬೇಕೆಂದು ಸತ್ಯಾಗ್ರಹ ಶುರುವಾಯಿತು. ಸ್ವಯಂಸೇವಕರು ಸುತ್ತಿಗೆ, ಕೊಡಲಿ ಹಿಡಿದು ಬಂದು ಪ್ರತಿಮೆಗೆ ಪೆಟ್ಟು ಹಾಕುವುದು, ಪೊಲೀಸರು ಹಿಡಿದೊಯ್ಯುವುದು, ಮರುದಿನ ಇನ್ನಿಬ್ಬರು ಬರುವುದು. ತಿರುನೆಲ್ವೇಲಿಯ ಸೋಮಯಾಜುಲು ಮುಂದಾಳು. ಯುವಕ ಕಾಮರಾಜರೂ ಇದರಲ್ಲಿ ತೊಡಗಿಕೊಂಡರು. ಗಾಂಧೀಜಿ ಮದರಾಸಿಗೆ ಬಂದಾಗ ಸತ್ಯಾಗ್ರಹಿಗಳೊಂದಿಗೆ ಮಾತಾಡಿ, ಹೋರಾಟ ಅಹಿಂಸೆಯ ದಾರಿ ಬಿಡದಂತೆ ನೋಡಿಕೊಂಡರು.

ಈ ಸತ್ಯಾಗ್ರಹದಲ್ಲಿ ಕಡಲೂರಿನ ಅಂಜಲೈ ಅಮ್ಮಾಳ್ ಎಂಬ ಹೆಣ್ಣುಮಗಳು ಇದ್ದರು. ನೇಕಾರಿಕೆಯ ಮನೆ. ಆಕೆ ಒಬ್ಬರೇ ಬರಲಿಲ್ಲ, ಒಂಬತ್ತು ವರ್ಷದ ಮಗಳು ಅಮ್ಮಾಕಣ್ಣುವನ್ನೂ ಕರೆದುಕೊಂಡು ಬಂದರು. ತಾಯಿಗೂ ಶಿಕ್ಷೆ, ಮಗುವಿಗೂ ಬಂಧನ. ಒಂಬತ್ತು ವರ್ಷ ಎಂದರೆ ನಮ್ಮ ಮನೆಗಳಲ್ಲಿ ನಾಲ್ಕನೇ ಕ್ಲಾಸಿನ ಮಗು, ಸ್ಕೂಲ್ ಬಸ್ಸಿಗೆ ಒಬ್ಬಳನ್ನೇ ಕಳಿಸಲು ನಾವು ಹೆದರುವ ವಯಸ್ಸು. ಗಾಂಧೀಜಿ ಆ ಹುಡುಗಿಯನ್ನು ಕಂಡು, ಲೀಲಾವತಿ ಎಂದು ಹೆಸರಿಟ್ಟು, ಮುಂದೆ ತಮ್ಮ ಆಶ್ರಮಕ್ಕೆ ಕರೆಸಿಕೊಂಡರು. ಅಂಜಲೈ ಅಮ್ಮಾಳ್ ಆಮೇಲೂ ಹಲವು ಸಲ ಜೈಲಿಗೆ ಹೋದರು, ಶಾಸಕಿಯಾಗಿ ಆಯ್ಕೆಯಾದರು, 1961ರಲ್ಲಿ ತೀರಿಕೊಂಡರು. ಪ್ರತಿಮೆ ಮಾತ್ರ 1927ರಲ್ಲಿ ಅಲುಗಲಿಲ್ಲ. ಹತ್ತು ವರ್ಷದ ನಂತರ, 1937ರಲ್ಲಿ ರಾಜಾಜಿಯವರ ಸರಕಾರ ಬಂದ ಮೇಲೆ ಅದನ್ನು ಎಗ್ಮೋರಿನ ಮ್ಯೂಸಿಯಮ್ಮಿಗೆ ಸಾಗಿಸಿದರು. ಆ ಮ್ಯೂಸಿಯಮ್ಮಿಗೆ ನಾನು ಮಕ್ಕಳನ್ನು ಎಷ್ಟು ಸಲ ಕರೆದುಕೊಂಡು ಹೋಗಿಲ್ಲ! ನಟರಾಜನ ಕಂಚಿನ ಮೂರ್ತಿಗಳನ್ನು ನೋಡಿ, ಐಸ್‌ಕ್ರೀಮ್ ತಿನ್ನಿಸಿ ವಾಪಸು ಬಂದಿದ್ದೇನೆ.

ಮೌಂಟ್ ರೋಡಿನಿಂದ ಹೋದ ನೀಲ್ ಅಂಡಮಾನಿನಲ್ಲಿ ಇನ್ನೂ 81 ವರ್ಷ ಉಳಿದ. 1943ರ ಡಿಸೆಂಬರ್ 30ರಂದು ನೇತಾಜಿ ಪೋರ್ಟ್ ಬ್ಲೇರಿನಲ್ಲಿ ತ್ರಿವರ್ಣ ಧ್ವಜ ಹಾರಿಸಿ ಅಂಡಮಾನಿಗೆ 'ಶಹೀದ್', ನಿಕೋಬಾರಿಗೆ 'ಸ್ವರಾಜ್' ಎಂದು ಹೆಸರು ಸೂಚಿಸಿದ್ದರು. ಅದರ 75ನೇ ವರ್ಷಕ್ಕೆ, 2018ರ ಡಿಸೆಂಬರ್ 30ರಂದು, ನೀಲ್ 'ಶಹೀದ್ ದ್ವೀಪ'ವಾಯಿತು, ಹ್ಯಾವ್‌ಲಾಕ್ 'ಸ್ವರಾಜ್ ದ್ವೀಪ'ವಾಯಿತು. ಆದರೆ ಜೆಟ್ಟಿಯಲ್ಲಿ ಕೂಲಿಯವರು, ಆಟೋದವರು, ಅಂಗಡಿಯವರು ಎಲ್ಲರ ಬಾಯಲ್ಲೂ ಇನ್ನೂ "ನೀಲ್, ನೀಲ್." ಅವರನ್ನು ದೂರುವಂತಿಲ್ಲ. ಅವರ ಬಾಯಲ್ಲಿ ಆ ಹೆಸರು ಕರ್ನಲ್ಲನದ್ದಲ್ಲ, ಅವರ ಊರಿನದು.

ಇದನ್ನು ನನಗೆ ತಿಳಿಸಿದ್ದು ರೆಸಾರ್ಟ್ ಮಾಲೀಕರ ತಾಯಿ. ಎಪ್ಪತ್ತೈದರ ಆಸುಪಾಸಿನ ಅಜ್ಜಿ. ಎಲ್ಲರೂ 'ಮಾಶಿಮಾ' ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಸಂಜೆ ಅಡುಗೆಮನೆಯ ಹಿಂದೆ ಅಡಿಕೆ ಸುಲಿಯುತ್ತಾ ಕೂರುತ್ತಿದ್ದರು. ಅವರ ಬಂಗಾಳಿಯನ್ನು ಸೊಸೆ ಅಂಡಮಾನಿನ ಹಿಂದಿಗೆ ತಿರುಗಿಸಿ ಹೇಳುತ್ತಿದ್ದಳು. ನಾನು ಕರ್ನಲ್ ನೀಲ್‌ನ ಕಥೆ ಹೇಳಿದಾಗ ಮಾಶಿಮಾ ನಕ್ಕರು. "ಹೌದಾ? ನಾವೂ ನೀಲಿ ಅಂತಲೇ ಅಂದುಕೊಂಡಿದ್ದೆವು. ಬಂಗಾಳಿಯಲ್ಲೂ ನೀಲ್ ಅಂದರೆ ಅದೇ ತಾನೆ."

ದೇಶ ಇಬ್ಭಾಗವಾದ ಮೇಲೆ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು 1949ರಿಂದ ಅಂಡಮಾನಿಗೆ ಕಳಿಸತೊಡಗಿದರು. 'ಕಾಲಾಪಾನಿ' ಎಂಬ ಹೆಸರಿಗೇ ಜನ ಬೆಚ್ಚುತ್ತಿದ್ದರು. ಕಲ್ಕತ್ತಾದಲ್ಲಿ ಇದಕ್ಕೆ ರಾಜಕೀಯ ವಿರೋಧವೂ ಇತ್ತು. ಬಂದವರಲ್ಲಿ ಹೆಚ್ಚಿನವರು ಬಾರಿಸಾಲ್, ಖುಲ್ನಾ, ಜೆಸ್ಸೋರ್, ಫರೀದ್‌ಪುರ ಕಡೆಯ ನಾಮಶೂದ್ರ ರೈತರು. ಮೊದಲು ಬಂದ ಕುಟುಂಬಗಳಿಗೆ 10 ಎಕರೆ, ಅರ್ಧ ಗದ್ದೆಗೆ ಆಗುವಂಥದ್ದು, ಅರ್ಧ ಗುಡ್ಡ. ಆಮೇಲೆ ಬಂದವರಿಗೆ ಅದಕ್ಕಿಂತ ಕಡಿಮೆ. ನೀಲ್‌ಗೆ ಸರದಿ ಬಂದದ್ದು 1960ರ ದಶಕದಲ್ಲಿ.

ಮಾಶಿಮಾ ಬಂದಾಗ ಹದಿನೇಳು ವರ್ಷ, ತೊಡೆಯ ಮೇಲೆ ಕೂಸು. ಖುಲ್ನಾದಿಂದ ಗಡಿ ದಾಟಿ, ರಾಯ್‌ಪುರದ ಹತ್ತಿರ ಮಾನಾ ಕ್ಯಾಂಪಿನಲ್ಲಿ ಟೆಂಟಿನ ಕೆಳಗೆ ಎರಡು ಬೇಸಿಗೆ ಕಳೆದು, ಆಮೇಲೆ ಹಡಗು. ದ್ವೀಪಕ್ಕೆ ಬಂದಾಗ ಆಕಾಶ ಕಾಣಿಸುತ್ತಿರಲಿಲ್ಲವಂತೆ, ಅಷ್ಟು ಕಾಡು. ದೊಡ್ಡ ಮರಗಳನ್ನು ಗಂಡಸರು ಕಡಿದರು. ಬೇರು, ಪೊದೆ, ಕಲ್ಲು ತೆಗೆದದ್ದು ಹೆಂಗಸರು. ರಾತ್ರಿ ಜರಿ ಹುಳ ಕಚ್ಚದಿರಲೆಂದು ಕೂಸನ್ನು ಸೀರೆಯ ಜೋಲಿಯಲ್ಲಿ ಎತ್ತರಕ್ಕೆ ಕಟ್ಟುತ್ತಿದ್ದರಂತೆ. "ಪಟ್ಟಾದ ಕಾಗದದಲ್ಲಿ ಯಜಮಾನರ ಹೆಸರಿದೆ. ಇದೇ ಜಾಗ, ನೀವು ಮಲಗುವ ಕಾಟೇಜಿನ ಜಾಗ. ಮೊದಲು ನಾನಿಲ್ಲಿ ಬದನೆ ಹಾಕುತ್ತಿದ್ದೆ" ಎಂದರು. ಅವರ ದನಿಯಲ್ಲಿ ದೂರು ಇರಲಿಲ್ಲ. ಲೆಕ್ಕ ಒಪ್ಪಿಸುವವರ ಹಾಗೆ ಹೇಳಿದರು.

ಇಂದು ಅಂಡಮಾನಿನ ತರಕಾರಿ ಬುಟ್ಟಿ ಎಂದೇ ನೀಲ್ ಹೆಸರಾಗಿದೆ. ಸುಮಾರು 3,000 ಜನರಿರುವ, ಸೈಕಲ್ಲಿನಲ್ಲಿ ಸುತ್ತಿ ಬರಬಹುದಾದ ದ್ವೀಪದಿಂದ ತರಕಾರಿ ದೋಣಿಯೇರಿ 36 ಕಿಲೋಮೀಟರ್ ದೂರದ ಪೋರ್ಟ್ ಬ್ಲೇರಿಗೆ ಹೋಗುತ್ತದೆ. ನಾವು 'ಪ್ರಕೃತಿ' ಎಂದು ಫೋಟೋ ತೆಗೆದ ತೋಟಗಳೆಲ್ಲ ಎರಡು ತಲೆಮಾರಿನ ದುಡಿಮೆ. ಹಳ್ಳಿಗಳ ಹೆಸರು ಕೇಳಿ: ರಾಮನಗರ, ಸೀತಾಪುರ, ಭರತಪುರ, ಲಕ್ಷ್ಮಣಪುರ. ಮನೆ ಕಳೆದುಕೊಂಡವರಿಗೆ ವನವಾಸದ ಕಥೆಗಿಂತ ಹತ್ತಿರದ್ದು ಇನ್ನೇನಿದ್ದೀತು! (ಸೀತಾಪುರ ಪೂರ್ವದ ತುದಿಯಲ್ಲಿದೆ, ಸೂರ್ಯ ಹುಟ್ಟುವುದು ಅಲ್ಲಿ. ಲಕ್ಷ್ಮಣನ ಪಾಲಿಗೆ ಸೂರ್ಯಾಸ್ತ. ನಮ್ಮ ಗುಂಪಿನಲ್ಲಿ ಇದರ ಮೇಲೆ ಒಂದು ಇಡೀ ಸಂಜೆ ಚರ್ಚೆ ನಡೆಯಿತು, ಬರೆಯಲು ಹೋದರೆ ಇನ್ನೊಂದು ಲೇಖನವಾದೀತು.) ಲಕ್ಷ್ಮಣಪುರದಲ್ಲಿ ನೀರು ಇಳಿದಾಗ ನಡೆದು ಹೋಗಿ ನೋಡುವ ಹವಳಕಲ್ಲಿನ ಸಹಜ ಕಮಾನಿದೆ. ಅದಕ್ಕೆ ಊರವರ ಹೆಸರು 'ಹೌರಾ ಬ್ರಿಡ್ಜ್'.

ಒಂದು ಪ್ರಶ್ನೆ ಮಾತ್ರ ನನ್ನನ್ನು ಕೊನೆಯವರೆಗೂ ಬಿಡಲಿಲ್ಲ. ಮಾಶಿಮಾ ಬರುವ ಮೊದಲು ಇಲ್ಲಿ ಯಾರೂ ಇರಲಿಲ್ಲವೇ? ಕರಪತ್ರದ ಪ್ರಕಾರ ಇಲ್ಲ. ಆದರೆ ಈ ದ್ವೀಪಸಮೂಹ ಗ್ರೇಟ್ ಅಂಡಮಾನೀ ಜನರಲ್ಲಿ ಅಕಾ-ಬಾಲೆ ಎಂಬ ಪಂಗಡದ ನೆಲೆಯಾಗಿತ್ತು. ಮೀನು, ಆಮೆ, ಜೇನು ಅವರ ಆಹಾರ. ಸೆರೆನೆಲೆ ಬಂದ ಮೇಲೆ ಹೊರಗಿನವರ ರೋಗಗಳು ಬಂದವು, ದಡಾರ, ಸಿಫಿಲಿಸ್. 20ನೇ ಶತಮಾನದ ಮೊದಲ ದಶಕಗಳಲ್ಲೇ ಅಕಾ-ಬಾಲೆಗಳು ಅಳಿದುಹೋದರು, ಅವರ ಭಾಷೆಯೂ ಹೋಯಿತು. ದ್ವೀಪ ಖಾಲಿ ಇರಲಿಲ್ಲ, ಖಾಲಿಯಾಗಿತ್ತು. ಅದನ್ನು ನಿರಾಶ್ರಿತರು ಖಾಲಿ ಮಾಡಿದ್ದಲ್ಲ, ಅವರಿಗೆ ಖಾಲಿಯೆಂದೇ ಕೊಟ್ಟರು. ರಾತ್ರಿ ಜಗಲಿಯಲ್ಲಿ ಕೂತಾಗ ನಾವು ಹೊಗಳುತ್ತಿದ್ದ ಆ ಮೌನಕ್ಕೆ ಇದೂ ಒಂದು ಕಾರಣವೆಂದು ಗೊತ್ತಾದ ಮೇಲೆ ನನಗೆ ಮೊದಲಿನಷ್ಟು ಸುಲಭವಾಗಿ ನಿದ್ದೆ ಬರಲಿಲ್ಲ. ರೆಸಾರ್ಟು ಚೆನ್ನಾಗಿಲ್ಲ ಎಂದಲ್ಲ. ಖಂಡಿತ ಹೋಗಿ ಬನ್ನಿ, ಮಳೆಗಾಲ ಬಿಟ್ಟು ಹೋಗಿ.

ಹೊರಡುವ ದಿನ ಬೆಳಿಗ್ಗೆ ಮಾಶಿಮಾಗೆ ಅಂಜಲೈ ಅಮ್ಮಾಳ್ ಕಥೆ ಹೇಳಿದೆ. ಸೊಸೆ ತರ್ಜುಮೆ ಮಾಡಿ ಮುಗಿಸುವ ಮೊದಲೇ ಅವರು ಕೇಳಿದ್ದು ಒಂದೇ: "ಆ ಹುಡುಗಿಗೆ ಜೈಲಿನಲ್ಲಿ ಊಟ ಸರಿಯಾಗಿ ಹಾಕುತ್ತಿದ್ದರಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಅವರು ಎದ್ದು ಹೋಗಿ, ಬೇಡವೆಂದರೂ ಕೇಳದೆ, ಒಂದು ಸಿಹಿಗುಂಬಳವನ್ನು ನಮ್ಮ ಚೀಲಕ್ಕೆ ತುರುಕಿದರು. ಚೆನ್ನೈಗೆ ತಂದು ಐದು ಹೋಳು ಮಾಡಿ ಹಂಚಿಕೊಂಡೆವು. ನನ್ನ ಪಾಲಿನದು ಹುಳಿಯಾಯಿತು.

ಮುಂದಿನ ತಿಂಗಳ ಎರಡನೇ ಶನಿವಾರ ಎಗ್ಮೋರ್ ಮ್ಯೂಸಿಯಮ್ಮಿಗೆ ಹೋಗೋಣ ಎಂದು ನಾವು ಐವರೂ ಮಾತಾಡಿಕೊಂಡಿದ್ದೇವೆ. ನೀಲ್ ಎಲ್ಲಿ ನಿಂತಿದ್ದಾನೆ ಎಂದು ಅಲ್ಲಿನ ಸಿಬ್ಬಂದಿಯನ್ನು ಕೇಳಬೇಕು. ಅಲ್ಲಿಂದ ಮೌಂಟ್ ರೋಡಿಗೆ ಬಂದು, ಅಂಜಲೈ ಅಮ್ಮಾಳ್ ಮಗಳ ಕೈ ಹಿಡಿದು ನಿಂತ ಜಾಗವನ್ನೂ ಹುಡುಕಬೇಕು. ಬರುವವರು ವೇದಿಕೆಯ ವಾಟ್ಸಾಪ್ ಗುಂಪಿನಲ್ಲಿ ಹೆಸರು ಕೊಡಿ. ಮಕ್ಕಳನ್ನೂ ಕರೆದುಕೊಂಡು ಬನ್ನಿ.