ಟೇಪಿನಿಂದ ಕಂಪ್ಯೂಟರಿಗೆ: ದಾಟುವ ದಾರಿಯಲ್ಲಿ ಉಳಿಯುವುದೇನು?

1969ರ ಜುಲೈನಲ್ಲಿ ಮಾನವ ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ಜಗತ್ತು ಮಸುಕಾಗಿಯೇ ನೋಡಿತು. ಚಂದ್ರನಿಂದ ಬಂದ ಚಿತ್ರ ಸೆಕೆಂಡಿಗೆ 10 ಚೌಕಟ್ಟುಗಳದು. ಅಂದಿನ ಟೆಲಿವಿಷನ್ನಿಗೆ ಅದು ಒಗ್ಗುತ್ತಿರಲಿಲ್ಲ. ಹಾಗಾಗಿ ಭೂಕೇಂದ್ರಗಳಲ್ಲಿ ಅದನ್ನು ಪರದೆಯ ಮೇಲೆ ಮೂಡಿಸಿ, ಆ ಪರದೆಯನ್ನೇ ಇನ್ನೊಂದು ಕ್ಯಾಮೆರಾದಿಂದ ಸೆರೆಹಿಡಿದು ಪ್ರಸಾರ ಮಾಡಲಾಯಿತು. ಸ್ಪಷ್ಟವಾದ ಮೂಲ ಸಂಕೇತ ಟೇಪುಗಳಲ್ಲಿ ದಾಖಲಾಗಿತ್ತು. ಆ ಟೇಪುಗಳನ್ನು ಬಹುಶಃ ಅಳಿಸಿ ಮರುಬಳಕೆ ಮಾಡಲಾಗಿದೆ ಎಂದು 2009ರಲ್ಲಿ ನಾಸಾ ತಿಳಿಸಿತು. ಉಳಿದಿದ್ದ ಪ್ರಸಾರದ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಚೆಂದಗೊಳಿಸಿದ್ದಾಯಿತು. ಮೂಲದ ವಿವರ ಮಾತ್ರ ಮರಳಲಿಲ್ಲ.

ಮನೆಗಳ ಕಪಾಟಿನಲ್ಲಿರುವ ಕ್ಯಾಸೆಟ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1976ರಲ್ಲಿ ಜಪಾನಿನ ಜೆವಿಸಿ ಕಂಪೆನಿ ವಿಎಚ್‌ಎಸ್ ಪದ್ಧತಿಯನ್ನು ತಂದಿತು. 1985ರಲ್ಲಿ ಸೋನಿಯ 8 ಮಿಲಿಮೀಟರ್ ಟೇಪಿನ ಕ್ಯಾಮ್‌ಕಾರ್ಡರ್ ಬಂದಿತು. ಕ್ಯಾಮೆರಾ ಹಗುರವಾದಂತೆ ಮದುವೆ, ನಾಮಕರಣ, ಶಾಲಾ ವಾರ್ಷಿಕೋತ್ಸವಗಳೆಲ್ಲ ಟೇಪಿಗೆ ಇಳಿದವು. ಈಗ ಆ ಟೇಪುಗಳಿಗೆ ವಯಸ್ಸಾಗಿದೆ. ಕಾಂತೀಯ ಪುಡಿಯನ್ನು ಹಿಡಿದಿಡುವ ಅಂಟು ತೇವ ಹೀರಿ ಸಡಿಲವಾಗುತ್ತದೆ. ಮಳೆ ಹೆಚ್ಚಿರುವ ಕಡೆ ಬೂಷ್ಟು ಹಿಡಿಯುತ್ತದೆ. ಟೇಪು ಓಡಿಸುವ ಯಂತ್ರಗಳೂ ಅಪರೂಪವಾಗುತ್ತಿವೆ. ಜಪಾನಿನ ಫುನಾಯ್ ಕಂಪೆನಿ 2016ರಲ್ಲಿ ವಿಸಿಆರ್ ತಯಾರಿಕೆ ನಿಲ್ಲಿಸಿತು.

ವರ್ಗಾವಣೆಗೆ ಮುನ್ನ ಟೇಪಿನ ಜಾತಿ ತಿಳಿಯಬೇಕು. 1995ರಲ್ಲಿ ಬಂದ ಡಿವಿ ಟೇಪಿನಲ್ಲಿ ಇರುವುದು ಅಂಕಿಗಳೇ. ಫೈರ್‌ವೈರ್ ತಂತಿಯ ಮೂಲಕ ಆ ಅಂಕಿಗಳನ್ನು ಹಾಗೆಯೇ ಕಂಪ್ಯೂಟರಿಗೆ ಇಳಿಸಬಹುದು. ಒಂದು ಗಂಟೆಗೆ ಸುಮಾರು 13 ಗಿಗಾಬೈಟ್ ಜಾಗ ಬೇಕು. ಟೇಪು ದೋಷವಿಲ್ಲದೆ ಓಡಿದರೆ ಮೂಲಕ್ಕೂ ಪ್ರತಿಗೂ ವ್ಯತ್ಯಾಸವಿಲ್ಲ. ಅದೇ ಟೇಪನ್ನು ಟಿವಿಗೆ ಜೋಡಿಸುವ ಹಳದಿ ತಂತಿಯಿಂದ ಇಳಿಸಿದರೆ ಅಂಕಿಗಳು ಅಲೆಗಳಾಗಿ, ಮತ್ತೆ ಅಂಕಿಗಳಾಗಿ ನಡುವೆ ನಷ್ಟವಾಗುತ್ತದೆ.

ವಿಎಚ್‌ಎಸ್ ಮತ್ತು 8 ಮಿಲಿಮೀಟರಿನ ಹಳೆಯ ಟೇಪುಗಳು ಅಲೆಯ ರೂಪದವು. ಇಲ್ಲಿ ಗುಣಮಟ್ಟವನ್ನು ನಿರ್ಧರಿಸುವುದು ಕಂಪ್ಯೂಟರಿಗಿಂತ ಮೊದಲು ಟೇಪು ಓಡಿಸುವ ಯಂತ್ರ. ಟೇಪು ಸ್ವಲ್ಪ ಹಿಗ್ಗಿದ್ದರೂ ಚಿತ್ರದ ಗೆರೆಗಳು ಸಮಯ ತಪ್ಪಿ ಬರುತ್ತವೆ. ನೆಟ್ಟಗಿನ ಕಂಬ ಬಳುಕಿದಂತೆ ಕಾಣುತ್ತದೆ. ಟೈಮ್ ಬೇಸ್ ಕರೆಕ್ಟರ್ ಎಂಬ ಸಾಧನ ಗೆರೆಗಳನ್ನು ಕ್ಷಣಕಾಲ ತಡೆಹಿಡಿದು ಸರಿಯಾದ ಸಮಯಕ್ಕೆ ಬಿಡುತ್ತದೆ. ಹಳದಿ ತಂತಿ ಬೆಳಕು ಮತ್ತು ಬಣ್ಣದ ಸಂಕೇತಗಳನ್ನು ಬೆರೆಸಿಬಿಡುತ್ತದೆ. ಎಸ್-ವಿಡಿಯೊ ತಂತಿ ಎರಡನ್ನೂ ಬೇರೆಯಾಗಿಯೇ ಒಯ್ಯುತ್ತದೆ. ಬೂಷ್ಟು ಹಿಡಿದ ಟೇಪನ್ನು ಶುಚಿಗೊಳಿಸದೆ ಓಡಿಸಬಾರದು. ಓಡಿಸಿದರೆ ಯಂತ್ರದ ಹೆಡ್ ಕೆಟ್ಟು ಮುಂದಿನ ಟೇಪಿಗೂ ಕೇಡು ತಗಲುತ್ತದೆ.

ಕಂಪ್ಯೂಟರಿನೊಳಗೆ ಅವಸರ ಸಲ್ಲದು. ಭಾರತದಲ್ಲಿ ಬಳಕೆಯಲ್ಲಿದ್ದ ಪಾಲ್ ಪದ್ಧತಿಯ ಚಿತ್ರವನ್ನು 720x576 ಬಿಂದುಗಳಲ್ಲಿ, ಸೆಕೆಂಡಿಗೆ 50 ಅರ್ಧಚಿತ್ರಗಳನ್ನೂ ಬಿಡದೆ ಹಿಡಿಯಬೇಕು. ಎಫ್ಎಫ್‌ವಿ1ನಂಥ ನಷ್ಟವಿಲ್ಲದ ರೂಪದಲ್ಲಿ ಮೊದಲ ಪ್ರತಿಯನ್ನು ಕಾಪಿಟ್ಟು, ಬಣ್ಣ ತಿದ್ದುವುದು, ಕುಗ್ಗಿಸಿ ನೆಂಟರಿಗೆ ಹಂಚುವುದು ಮುಂತಾದವನ್ನೆಲ್ಲ ಅದರ ನಕಲಿನಲ್ಲಿ ಮಾಡಬೇಕು. ತಿದ್ದುವ ವಿದ್ಯೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಟೇಪು ಮಾತ್ರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ. ಅಜ್ಜಿಯ ದನಿ ಇರುವ ಒಂದೇ ಕ್ಯಾಸೆಟ್ಟು ಇನ್ನೆಷ್ಟು ಸಲ ಓಡೀತು ಎಂದು ಯಾರೂ ಹೇಳಲಾರರು. ಆದ್ದರಿಂದ ಅದನ್ನು ಓಡಿಸುವ ಪ್ರತಿ ಸಲವೂ ಅದೇ ಕೊನೆಯದೆಂಬ ಎಚ್ಚರವಿರಬೇಕು.