ಪೆಟ್ಟಿನ ಗಂಟು: ಚರ್ಮದಡಿಯ ಕೊಬ್ಬಿಗೆ ಆಗುವ ಹಾನಿ

ಪೆಟ್ಟು ಬಿದ್ದ ಜಾಗದಲ್ಲಿ ಚರ್ಮದಡಿಯ ಕೊಬ್ಬಿನ ಕೋಶಗಳು ಒಡೆದು ಸಾಯುವುದನ್ನು ವೈದ್ಯರು ಫ್ಯಾಟ್ ನೆಕ್ರೋಸಿಸ್ ಎನ್ನುತ್ತಾರೆ. ತಿಪಟೂರು ತಾಲ್ಲೂಕಿನ ನೊಣವಿನಕೆರೆಯಂಥ ತೆಂಗಿನ ಸೀಮೆಯಲ್ಲಿ ಇಂಥ ಪೆಟ್ಟಿಗೆ ದಾರಿಗಳು ಹಲವು: ಕೀಳುವಾಗ ಮೈಮೇಲೆ ಬೀಳುವ ಕಾಯಿ, ಒಣಗಿ ಕಳಚುವ ಗರಿ, ಮರದಿಂದ ಜಾರುವುದು. ಮೊದಲು ಊತ, ಕಂದುಗಟ್ಟಿದ ಚರ್ಮ. ಅದೆಲ್ಲ ಇಳಿದು ವಾರಗಳೋ ತಿಂಗಳುಗಳೋ ಕಳೆದ ಮೇಲೆ ಬೆರಳಿಗೆ ಗಟ್ಟಿ ಗಂಟು ಸಿಗುತ್ತದೆ. ಕೆಲವರಿಗೆ ಗಂಟಿನ ಬದಲು ಕುಳಿ ಬೀಳುತ್ತದೆ. ಅಷ್ಟರಲ್ಲಿ ಪೆಟ್ಟು ಮರೆತೇ ಹೋಗಿರುತ್ತದೆ. ರೋಗನಿರ್ಣಯ ದಾರಿ ತಪ್ಪಲು ಈ ಮರೆವೂ ಒಂದು ಕಾರಣ.

ಕೊಬ್ಬು ಸಾಯುವ ಬಗೆಯನ್ನು ವೈದ್ಯರು ಮೊದಲು ಗುರುತಿಸಿದ್ದು ಹೊಟ್ಟೆಯೊಳಗೆ. 1882ರಲ್ಲಿ ಜರ್ಮನಿಯ ಬಾಲ್ಸರ್ ಮೇದೋಜೀರಕ ಗ್ರಂಥಿಯ ಸುತ್ತ ಸತ್ತ ಕೊಬ್ಬಿನ ಬಗ್ಗೆ ಬರೆದರು. 1890ರಲ್ಲಿ ರಾಬರ್ಟ್ ಲಾಂಗರ್‌ಹಾನ್ಸ್ ಅದರ ರಸಾಯನವನ್ನು ಬಿಡಿಸಿಟ್ಟರು: ಕೊಬ್ಬು ಒಡೆದು ಆಮ್ಲವಾಗುತ್ತದೆ, ಆಮ್ಲ ಕ್ಯಾಲ್ಸಿಯಂ ಜೊತೆ ಕೂಡುತ್ತದೆ. ಕೊಬ್ಬರಿ ಎಣ್ಣೆಗೆ ಕಾಸ್ಟಿಕ್ ಸೋಡಾ ಬೆರೆಸಿ ಸೋಪು ಮಾಡುವಾಗ ನಡೆಯುವುದೂ ಇದೇ ಬಗೆಯ ಕ್ರಿಯೆ. ಪೆಟ್ಟಿನ ಗಂಟಿನಲ್ಲಿ ಒಡೆದ ಕೋಶಗಳಿಂದ ಎಣ್ಣೆ ಸೋರುತ್ತದೆ, ಅದನ್ನು ನುಂಗಲು ಮ್ಯಾಕ್ರೋಫೇಜ್ ಕೋಶಗಳು ಮುತ್ತುತ್ತವೆ, ಸುತ್ತ ನಾರಿನ ಪೊರೆ ಬೆಳೆಯುತ್ತದೆ. ಕೆಲವೊಮ್ಮೆ ಒಳಗೆ ಎಣ್ಣೆ ತುಂಬಿದ ಚೀಲವೇ ಉಳಿದುಬಿಡುತ್ತದೆ. ವರ್ಷಗಳು ಕಳೆದಂತೆ ಅದರ ಗೋಡೆಗೆ ಸುಣ್ಣ ಕಟ್ಟುತ್ತದೆ.

ಗಂಟು ಸ್ತನದಲ್ಲಿದ್ದರೆ ಆತಂಕದ ಪ್ರಮಾಣವೇ ಬೇರೆ. 1920ರಲ್ಲಿ ನ್ಯೂಯಾರ್ಕಿನ ಶಸ್ತ್ರವೈದ್ಯರಾದ ಬರ್ಟನ್ ಲೀ ಮತ್ತು ಫ್ರಾಂಕ್ ಅಡೇರ್ ಪೆಟ್ಟಿನಿಂದಾದ ಸ್ತನದ ಗಂಟನ್ನು ಕ್ಯಾನ್ಸರಿನಿಂದ ಬೇರ್ಪಡಿಸಿ ಗುರುತಿಸುವ ಬಗ್ಗೆ ಪ್ರಬಂಧ ಪ್ರಕಟಿಸಿದರು. ಈ ವಿಷಯದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಗಟ್ಟಿಯಾದ ಗಂಟು, ಒಳಕ್ಕೆ ಎಳೆದುಕೊಂಡ ಚರ್ಮ, ಸುತ್ತಲಿನ ಅಂಗಾಂಶಕ್ಕೆ ಅಂಟಿದ ಅಂಚು: ಕೈಯಿಂದ ಮುಟ್ಟಿ ನೋಡಿದರೆ ಎರಡೂ ಒಂದೇ. ಈಗ ಮ್ಯಾಮೊಗ್ರಾಂನಲ್ಲಿ ತೆಳು ಸುಣ್ಣದ ಗೆರೆ ಸುತ್ತಿದ ಎಣ್ಣೆ ಚೀಲ ಸ್ಪಷ್ಟವಾಗಿ ಕಂಡರೆ ವೈದ್ಯರು ಧೈರ್ಯ ಹೇಳುತ್ತಾರೆ. ಅನುಮಾನವಿದ್ದರೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅದಕ್ಕೆ 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಆಸ್ಪತ್ರೆಗಳಿವೆ. ತಪ್ಪು ಇನ್ನೊಂದು ಕಡೆಯಿಂದಲೂ ಆಗುತ್ತದೆ, ಮತ್ತು ಅದೇ ಹೆಚ್ಚು ಅಪಾಯದ್ದು: ಎಂದೋ ತಗುಲಿದ ಏಟು ನೆನಪಾಗಿ, "ಪೆಟ್ಟಿನ ಗಂಟು, ತಾನೇ ಕರಗುತ್ತದೆ" ಎಂದು ನಿಜವಾದ ಕ್ಯಾನ್ಸರನ್ನು ತಿಂಗಳುಗಟ್ಟಲೆ ಬಿಡುವುದು. ಪೆಟ್ಟು ಬಿದ್ದಾಗ ಮುಟ್ಟಿ ನೋಡಿಕೊಂಡು, ಮೊದಲೇ ಇದ್ದ ಗಂಟು ಪತ್ತೆಯಾಗುವುದೂ ಉಂಟು.

ಉಜ್ಜುಪೆಟ್ಟಿನ ಹಾನಿಗೆ ಇನ್ನೊಂದು ಹೆಸರಿದೆ: ಮೊರೆಲ್-ಲಾವಲ್ಲೇ ಗಾಯ. 1853ರಲ್ಲಿ ಫ್ರಾನ್ಸಿನ ಮೊರೆಲ್-ಲಾವಲ್ಲೇ ವರ್ಣಿಸಿದ ಈ ಗಾಯದಲ್ಲಿ ಚರ್ಮ ಹರಿಯುವುದಿಲ್ಲ; ಅದರಡಿಯ ಕೊಬ್ಬು ಸ್ನಾಯುವಿನ ಹೊದಿಕೆಯಿಂದ ಕಿತ್ತು ಬೇರಾಗಿ, ನಡುವೆ ರಕ್ತ, ನೀರು ಮತ್ತು ಸತ್ತ ಕೊಬ್ಬು ತುಂಬುತ್ತದೆ. ಬೈಕಿನಿಂದ ಬಿದ್ದು ಟಾರು ರಸ್ತೆಯಲ್ಲಿ ಉಜ್ಜಿಕೊಂಡು ಹೋದವರ ತೊಡೆ, ಸೊಂಟದ ಪಕ್ಕದಲ್ಲಿ ಇದು ಕಾಣುತ್ತದೆ.

ತೆಂಗಿನಕಾಯಿಯ ಪೆಟ್ಟು ವೈದ್ಯಸಾಹಿತ್ಯಕ್ಕೆ ಹೊಸದಲ್ಲ. 1984ರಲ್ಲಿ ಪೀಟರ್ ಬಾರ್ಸ್ ಪಪುವಾ ನ್ಯೂಗಿನಿಯ ಆಸ್ಪತ್ರೆಯೊಂದರ ನಾಲ್ಕು ವರ್ಷಗಳ ದಾಖಲೆ ಪರಿಶೀಲಿಸಿ, ಗಾಯಗೊಂಡು ದಾಖಲಾದವರಲ್ಲಿ ಶೇ. 2.5ರಷ್ಟು ಮಂದಿಗೆ ಬೀಳುವ ಕಾಯಿ ತಗುಲಿತ್ತೆಂದು ವರದಿ ಮಾಡಿದರು. ಆದರೆ ಆಸ್ಪತ್ರೆಯಲ್ಲಿ ದಾಖಲಾಗದವರ ತೊಡೆ, ತೋಳುಗಳ ಪೆಟ್ಟು ಇಂಥ ಲೆಕ್ಕಕ್ಕೆ ಬರುವುದಿಲ್ಲ. ನಮ್ಮಲ್ಲಿ ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಯಂತ್ರದ ನೆರವಿನಿಂದ ಮರ ಹತ್ತುವ ತರಬೇತಿ ಆರಂಭಿಸಿತು. ಬೀಳುವವರ ಸಂಖ್ಯೆ ಕಡಿಮೆಯಾಗಬೇಕಾದರೆ ಇಂಥ ತರಬೇತಿ ತೋಟ ತೋಟಕ್ಕೂ ಬರಬೇಕು.

ನಿರಪಾಯವೆಂದು ಖಚಿತವಾದ ಗಂಟಿಗೆ ಚಿಕಿತ್ಸೆ ಬೇಕಾಗುವುದು ಕಡಿಮೆ. ಅನೇಕ ಸಲ ಅದು ತಾನೇ ಕುಗ್ಗುತ್ತದೆ. ನೋವಿದ್ದರೆ ಕತ್ತರಿಸಿ ತೆಗೆಯುತ್ತಾರೆ. ಕುಳಿ ಉಳಿದವರಿಗೆ ದೇಹದ ಬೇರೆ ಕಡೆಯ ಕೊಬ್ಬನ್ನೇ ತಂದು ತುಂಬುವುದುಂಟು. ಜರ್ಮನಿಯ ಗುಸ್ತಾವ್ ನ್ಯೂಬರ್ 1893ರಷ್ಟು ಹಿಂದೆಯೇ ತೋಳಿನ ಕೊಬ್ಬನ್ನು ಮುಖದ ಕುಳಿಗೆ ಕಸಿ ಮಾಡಿದ್ದರು. ಕಸಿಗೆ ಸಾಕಷ್ಟು ರಕ್ತ ಸಿಗದಿದ್ದರೆ ಆ ಕೊಬ್ಬೂ ಸತ್ತು, ಅಲ್ಲಿಯೂ ಎಣ್ಣೆ ಚೀಲ ಕಟ್ಟುತ್ತದೆ.