ಯಾರ್ಕ್‌ಟೌನಿನಿಂದ ಹುತ್ರಿದುರ್ಗಕ್ಕೆ: ಅಮೆರಿಕದ ಇತಿಹಾಸ ಗ್ರಂಥಗಳನ್ನು ಓದುವ ಬಗೆ

ಅಮೆರಿಕದ ಸ್ವಾತಂತ್ರ್ಯ ಸಮರವನ್ನು ವಿವರಿಸುವ ಗ್ರಂಥಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಕಥೆ ಸಾಮಾನ್ಯವಾಗಿ 1781ನೆಯ ಇಸವಿ ಅಕ್ಟೋಬರ್ 19ರಂದು ಮುಗಿದುಹೋಗುತ್ತದೆ. ಅಂದು ವರ್ಜೀನಿಯದ ಯಾರ್ಕ್‌ಟೌನಿನಲ್ಲಿ ಏಳು ಸಾವಿರಕ್ಕೂ ಮೇಲ್ಪಟ್ಟ ಆತನ ಸೈನ್ಯವು ವಾಷಿಂಗ್ಟನ್ನನಿಗೂ ಫ್ರೆಂಚರಿಗೂ ಶರಣಾಗತವಾಯಿತು. ನಮ್ಮ ನಾಡಿನ ಇತಿಹಾಸ ಗ್ರಂಥಗಳಲ್ಲಾದರೋ ಅದೇ ಮನುಷ್ಯನು 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಯಲ್ಲಿ ಬಂದಿಳಿದಲ್ಲಿಂದ ಮೊದಲಾಗುತ್ತಾನೆ. ಈ ಎರಡು ಬಗೆಯ ಗ್ರಂಥಗಳನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ದೊರೆಯುವ ಲಾಭವೇನು, ಹಾಗೆ ಓದುವಾಗ ವಹಿಸಬೇಕಾದ ಎಚ್ಚರವೇನು ಎಂಬುದನ್ನು ಸಂಗ್ರಹವಾಗಿ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಹಿರೇಹಳ್ಳಿ, ಗುಬ್ಬಿ, ಕುಣಿಗಲು ಮೊದಲಾದ ಕಡೆಗಳಿಂದ ಬಂದು ಇತಿಹಾಸವನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಗೆ ಅಮೆರಿಕವು ಸಪ್ತಸಮುದ್ರಗಳಾಚೆಯ ಕಥೆಯಾಗಿ ತೋರುವುದು ಸಹಜ. ಪರೀಕ್ಷೆಗೆಂದು ಹೆಸರುಗಳನ್ನೂ ತೇದಿಗಳನ್ನೂ ಕಂಠಪಾಠ ಮಾಡಿ ಅವನು ಕೈತೊಳೆದುಕೊಳ್ಳುತ್ತಾನೆ. ಆದರೆ ಆ ಕಥೆಯ ಒಂದು ಎಳೆ ಅವನ ಊರಿನ ಆಸುಪಾಸಿನ ಬೆಟ್ಟಗಳವರೆಗೆ ಚಾಚಿಕೊಂಡಿದೆ.

ಮೊದಲು 1773ನೆಯ ವರ್ಷವನ್ನು ನೋಡೋಣ. ಸಾಲದಲ್ಲಿ ಮುಳುಗಿದ್ದ ಈಸ್ಟ್ ಇಂಡಿಯಾ ಕಂಪನಿಯನ್ನು ಕುರಿತು ಬ್ರಿಟಿಷ್ ಪಾರ್ಲಿಮೆಂಟು ಆ ವರ್ಷ ಎರಡು ಶಾಸನಗಳನ್ನು ಮಾಡಿತು. ಕಂಪನಿಯ ಆಡಳಿತವನ್ನು ಹತೋಟಿಗೆ ತರುವ ರೆಗ್ಯುಲೇಟಿಂಗ್ ಶಾಸನವನ್ನು ನಾವೆಲ್ಲರೂ ಬಲ್ಲೆವು. ಕಂಪನಿಯ ಚಹವನ್ನು ಅಮೆರಿಕದ ವಸಾಹತುಗಳಲ್ಲಿ ಮಾರಲು ಅನುಕೂಲ ಕಲ್ಪಿಸಿದುದು ಇನ್ನೊಂದು. ಡಿಸೆಂಬರ್ 16ರಂದು ಬಾಸ್ಟನ್ ಬಂದರಿನಲ್ಲಿ ನೀರುಪಾಲಾದ 342 ಪೆಟ್ಟಿಗೆಗಳ ಚಹ ಈ ಕಂಪನಿಯದೇ. ಅಮೆರಿಕದ ಗ್ರಂಥಗಳು ಒಂದು ಶಾಸನವನ್ನು ವಿವರಿಸಿದರೆ ನಮ್ಮವು ಇನ್ನೊಂದನ್ನು ವಿವರಿಸುತ್ತವೆ. ಎರಡಕ್ಕೂ ಮೂಲ ಒಂದೇ ಎಂಬುದು ಜೊತೆಗೂಡಿ ಓದಿದವನಿಗೇ ಗೋಚರ.

1778ರಲ್ಲಿ ಫ್ರಾನ್ಸ್ ಅಮೆರಿಕನ್ನರ ಪಕ್ಷ ವಹಿಸಿ ಯುದ್ಧಕ್ಕಿಳಿಯಿತು. ಕೂಡಲೇ ಇಂಗ್ಲಿಷರು ಇಲ್ಲಿನ ಫ್ರೆಂಚ್ ನೆಲೆಗಳ ಮೇಲೆ ಬಿದ್ದರು. ಆ ವರ್ಷ ಪಾಂಡಿಚೇರಿಯೂ, 1779ರಲ್ಲಿ ಮಲಬಾರಿನ ಮಾಹೆಯೂ ಅವರ ವಶವಾದವು. ಮಾಹೆಯು ಹೈದರಾಲಿಗೆ ಯುದ್ಧಸಾಮಗ್ರಿ ಒದಗುತ್ತಿದ್ದ ದ್ವಾರ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಮೊದಲೇ ಸಾರಿದ್ದನು. ಇತರ ಅಸಮಾಧಾನಗಳ ಮೇಲೆ ಇದೂ ಸೇರಿ, 1780ರ ಜುಲೈ ತಿಂಗಳಲ್ಲಿ ಅವನ ಸೇನೆ ಕರ್ನಾಟಕ್ ಬಯಲಿಗಿಳಿಯಿತು. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ನಾಶವಾಯಿತು. ಈ ಕೀರ್ತಿ ಅಟ್ಲಾಂಟಿಕ್ ಸಾಗರವನ್ನೂ ದಾಟಿತ್ತು: 1782ರ ಏಪ್ರಿಲಿನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ‘ಜನರಲ್ ಮಂಕ್’ ಎಂಬ ಬ್ರಿಟಿಷ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿಗೆ ‘ಹೈದರ್ ಆಲಿ’ ಎಂದೇ ಹೆಸರು. ಯುರೋಪಿನ ಸಂಧಿಯ ವಾರ್ತೆ 1783ರ ಮಧ್ಯದಲ್ಲಿ ತಲಪಿದೊಡನೆ, ಮಂಗಳೂರನ್ನು ಮುತ್ತಿದ್ದ ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆಗೆದರು. ಇಲ್ಲಿರುವುದು ಬರಿಯ ಹೋಲಿಕೆಯಲ್ಲ, ಕಾರ್ಯಕಾರಣ ಸಂಬಂಧ.

ಇನ್ನು ಕಾರ್ನ್‌ವಾಲಿಸನ ವಿಷಯ. 1791ರ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಅವನು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದನು. ಮೇ 15ರ ಕಾಳಗದಲ್ಲಿ ಗೆದ್ದರೂ ಮುಂದುವರಿಯಲಾಗಲಿಲ್ಲ. ಮಳೆ, ಮೇವಿನ ಅಭಾವ, ಸಾಯುತ್ತಿದ್ದ ಎತ್ತುಗಳು ಅವನನ್ನು ಕಂಗೆಡಿಸಿದವು. ತನ್ನ ಭಾರೀ ಫಿರಂಗಿಗಳನ್ನು ತಾನೇ ನಾಶಪಡಿಸಿ ಹಿಂದಿರುಗಿದನು. ಆ ಬಳಿಕ ಅವನ ದೃಷ್ಟಿ ದಾರಿಯ ದುರ್ಗಗಳ ಮೇಲೆ ಬಿದ್ದಿತು. ಕುಣಿಗಲು ಸೀಮೆಯ ಹುಲಿಯೂರುದುರ್ಗ ಜೂನಿನಲ್ಲಿ, ಮಾಗಡಿ ಸೀಮೆಯ ಸಾವನದುರ್ಗ ಡಿಸೆಂಬರ್ 21ರಂದು, ಅನಂತರ ಕೆಲವೇ ದಿನಗಳಲ್ಲಿ ಕುಣಿಗಲಿನ ಹುತ್ರಿದುರ್ಗ, ಹೀಗೆ ಒಂದೊಂದಾಗಿ ಕೈವಶವಾದವು. ಲಂಬಾಣಿಗರ ಹೇರೆತ್ತುಗಳಿಂದ ಧಾನ್ಯ ಒದಗಿತು. 1792ರ ಫೆಬ್ರವರಿ 6ರ ರಾತ್ರಿ ಶ್ರೀರಂಗಪಟ್ಟಣದ ಮೇಲೆ ದಾಳಿ ನಡೆಯಿತು. ಮಾರ್ಚಿಯ ಸಂಧಿಯಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ಎಳೆಯ ಮಕ್ಕಳಿಬ್ಬರನ್ನು ಒತ್ತೆಯಿಡಬೇಕಾಯಿತು.

ಯಾರ್ಕ್‌ಟೌನಿನಲ್ಲಿ ಫ್ರೆಂಚ್ ನೌಕಾಬಲವು ಸಮುದ್ರಮಾರ್ಗವನ್ನು ಮುಚ್ಚಿ ಕಾರ್ನ್‌ವಾಲಿಸನ ಸೋಲನ್ನು ಖಚಿತಗೊಳಿಸಿತು. ಇದನ್ನು ಓದಿದವನು, ಅಮೆರಿಕದಲ್ಲಿ ಕಲಿತ ಪಾಠವನ್ನೇ ಅವನು ಕುಣಿಗಲಿನ ದುರ್ಗಗಳಲ್ಲಿ ಪ್ರಯೋಗಿಸಿದನೆಂದು ಬರೆದುಬಿಡುವ ಆಸೆಗೆ ಒಳಗಾಗಬಹುದು. ಈ ತೀರ್ಮಾನ ಆತುರದ್ದು. 1791ರ ಮೇ ತಿಂಗಳ ವಿಪತ್ತೇ ದುರ್ಗಗಳ ಮೇಲಣ ಕಾರ್ಯಾಚರಣೆಗೆ ಸಾಕಾದ ಕಾರಣ. ಅದಕ್ಕೆ ವರ್ಜೀನಿಯದ ನೆರವು ಬೇಕಿಲ್ಲ. ಮಾಹೆಯ ವಿಷಯದಲ್ಲಿ ಒಂದು ಘಟನೆ ಇನ್ನೊಂದನ್ನು ಹುಟ್ಟಿಸಿತು. ಇಲ್ಲಿ ಎರಡು ಘಟನೆಗಳು ಒಂದನ್ನೊಂದು ಹೋಲುತ್ತವೆ, ಅಷ್ಟೆ. ಸಾದೃಶ್ಯವು ಪ್ರಶ್ನೆಯನ್ನು ಎತ್ತಿಕೊಡಬಲ್ಲದು. ಉತ್ತರವನ್ನು ಈ ನೆಲದ ಆಧಾರಗಳಿಂದಲೇ ಪಡೆಯಬೇಕು.

ಆದುದರಿಂದ ಅಮೆರಿಕದ ಇತಿಹಾಸವನ್ನು ಓದುವ ನಮ್ಮ ವಿದ್ಯಾರ್ಥಿಯು ಪಕ್ಕದಲ್ಲಿ ಮೈಸೂರಿನ ಇತಿಹಾಸವನ್ನೂ ಕುಣಿಗಲು ಸೀಮೆಯ ಭೂಪಟವನ್ನೂ ಇಟ್ಟುಕೊಳ್ಳುವುದು ಒಳಿತು. ಪ್ರತಿಯೊಂದು ಹೋಲಿಕೆ ಕಂಡಾಗಲೂ ಇದು ಕಾರಣವೋ ಸಾದೃಶ್ಯವೋ ಎಂದು ಅವನು ಕೇಳಿಕೊಳ್ಳಬೇಕು. ಈ ಅಭ್ಯಾಸ ಬೇರೂರಿದರೆ ಪರದೇಶದ ಇತಿಹಾಸವು ಅವನಿಗೆ ಹೊರೆಯಾಗದು; ಹುತ್ರಿದುರ್ಗದ ಹಾಳುಕೋಟೆಯೂ ಬರಿಯ ಕಲ್ಲುಗುಡ್ಡೆಯಾಗಿ ತೋರದು.